ಲಿಯಾನ್‌ನ ನೆಲಮಾಳಿಗೆಯಲ್ಲಿ ಮೆಂತ್ಯದ ಘಮ

ಫ್ರಾನ್ಸಿನ ವೈನ್‌ಗಳನ್ನು ಸೀಮೆವಾರು ಪರಿಚಯಿಸುವ ರುಚಿಕೂಟಗಳು ಈ ದೇಶದ ಹೆಚ್ಚುಕಡಿಮೆ ಎಲ್ಲ ದೊಡ್ಡ ಊರುಗಳಲ್ಲಿಯೂ ನಡೆಯುತ್ತವೆ. ಅವುಗಳಲ್ಲಿ ಹಲವು ಒಂದೇ ಜಾಡಿನವು. ಬಲ್ಲವರೊಬ್ಬರು ಮುಂದೆ ನಿಂತು ಗ್ಲಾಸು ಎತ್ತಿ, ಇದರಲ್ಲಿ ಚೆರ್ರಿಯ ಕಂಪಿದೆ, ಇದರಲ್ಲಿ ವೆನಿಲಾ ಇದೆ ಎಂದು ಮೊದಲೇ ಹೇಳಿಬಿಡುತ್ತಾರೆ. ಸೇರಿದವರು ಹೌದೌದೆಂದು ತಲೆಯಾಡಿಸಿ ಕುಡಿಯುತ್ತಾರೆ. ಕೊನೆಗೆ ಒಂದೆರಡು ಬಾಟಲಿ ಕೊಂಡು ಮನೆಗೆ ಹೋಗುತ್ತಾರೆ. ಕಳೆದ ಶರತ್ಕಾಲದಲ್ಲಿ ಲಿಯಾನ್ ನಗರದ ಒಂದು ಕಲ್ಲುಕಮಾನಿನ ನೆಲಮಾಳಿಗೆಯಲ್ಲಿ ನಾನು ಪಾಲ್ಗೊಂಡ ಕೂಟವು ಈ ಜಾಡಿನದಾಗಿರಲಿಲ್ಲ. ಅದನ್ನು ನಡೆಸಿಕೊಟ್ಟ ಮಹಿಳೆ ಹಲವು ವರ್ಷ ರೆಸ್ಟೋರೆಂಟುಗಳಲ್ಲಿ ಸೊಮೆಲಿಯೇ ಆಗಿ, ಅಂದರೆ ಊಟಕ್ಕೆ ತಕ್ಕ ವೈನನ್ನು ಆರಿಸಿಕೊಡುವ ಕೆಲಸದಲ್ಲಿ ದುಡಿದವರು. ಅವರು ಆರಂಭದಲ್ಲಿಯೇ ಒಂದು ಕಟ್ಟಳೆಯನ್ನು ವಿಧಿಸಿದರು: ಬಾಟಲಿಗಳಿಗೆಲ್ಲ ಬಟ್ಟೆಯ ಚೀಲ ಹೊದಿಸಿರುತ್ತದೆ, ಪ್ರತಿಯೊಬ್ಬರೂ ತಮ್ಮ ಮೂಗಿಗೆ ಬಂದದ್ದನ್ನು ಯಾರೊಡನೆಯೂ ಮಾತನಾಡದೆ ಬರೆದುಕೊಳ್ಳಬೇಕು, ಆಮೇಲೆ ಒಬ್ಬೊಬ್ಬರಾಗಿ ಓದಿದ್ದನ್ನು ಅವರು ಕರಿಹಲಗೆಯ ಮೇಲೆ ಬರೆಯುತ್ತಾರೆ, ಊರು, ತಳಿ, ವರ್ಷಗಳ ವಿವರ ಬರುವುದು ಅದರ ನಂತರವೇ. ಇಷ್ಟು ಸರಳವಾದ ಕಟ್ಟಳೆಯಿಂದ ವೈನ್ ತಿಳಿಯುವ ದಾರಿಯೇ ಹೇಗೆ ಬೇರೆಯಾಗುತ್ತದೆ ಎಂಬುದನ್ನು ಕಂಡ ಮೇಲೆ, ಅದನ್ನು ಕನ್ನಡದಲ್ಲಿ ವಿವರವಾಗಿ ಬರೆಯಬೇಕೆನಿಸಿತು.

ಇಂಥ ಕೂಟಕ್ಕೆ ಲಿಯಾನ್‌ಗಿಂತ ತಕ್ಕ ಊರು ಸಿಗುವುದು ಕಷ್ಟ. ಉತ್ತರಕ್ಕೆ ಬೋಜೋಲೆಯ ಗುಡ್ಡಗಳು, ಅದರಾಚೆಗೆ ಬರ್ಗಂಡಿ. ದಕ್ಷಿಣಕ್ಕೆ ಒಂದು ಗಂಟೆಯ ಹಾದಿಯೊಳಗೇ ರೋನ್ ಕಣಿವೆಯ ಕಡಿದಾದ ದ್ರಾಕ್ಷಿತೋಟಗಳು. ಈಶಾನ್ಯಕ್ಕೆ ಜ್ಯೂರಾ ಬೆಟ್ಟಸಾಲು. ಈ ಊರಿಗೆ ರೋನ್, ಸೋನ್ ಮತ್ತು ಬೋಜೋಲೆ ಎಂಬ ಮೂರು ನದಿಗಳು ನೀರುಣಿಸುತ್ತವೆ ಎಂಬ ಹಳೆಯ ಮಾತನ್ನು ಇಲ್ಲಿನವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ನಮ್ಮ ಮೇಜಿನ ಸುತ್ತ ಡಿಜೋನ್‌ನಿಂದ ಬಂದಿದ್ದ ನಿವೃತ್ತ ಶಿಕ್ಷಕಿ, ಕೆನಡಾದ ಕ್ವಿಬೆಕ್ ಪ್ರಾಂತದ ಯುವ ದಂಪತಿ, ಜ್ಯೂರಾದಲ್ಲಿ ಹುಟ್ಟಿ ಬೆಳೆದ ಬಡಗಿ ಮೊದಲಾದವರಿದ್ದರು. ಪ್ರತಿಯೊಬ್ಬರ ಮುಂದೆ 1970ರ ದಶಕದಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಅಳತೆ ನಿಗದಿಯಾದ, ಮೊಗ್ಗಿನಂತೆ ಬಾಯಿ ಕಿರಿದಾದ ಗ್ಲಾಸುಗಳು, ನೀರು, ಸಪ್ಪೆ ಬ್ರೆಡ್ಡು ಮತ್ತು ಉಗುಳುವುದಕ್ಕೊಂದು ಪಾತ್ರೆ. ಗ್ಲಾಸಿನ ಬಾಯಿ ಕಿರಿದಾಗಿರುವುದು ಮೇಲೆದ್ದ ಘಮ ಚದುರಿಹೋಗದಿರಲೆಂದು. ಕಾಲುಭಾಗಕ್ಕಿಂತ ಹೆಚ್ಚು ಸುರಿಯದಿರುವುದು ತಿರುಗಿಸಿದಾಗ ವೈನು ಗಾಳಿಯೊಡನೆ ಬೆರೆಯಲೆಂದು.

ಉಗುಳುವ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮವರಲ್ಲಿ ಅನೇಕರಿಗೆ ಅದು ಅಸಭ್ಯವಾಗಿ ತೋರುತ್ತದೆ. ವೃತ್ತಿಯವರೆಲ್ಲರೂ ಉಗುಳುತ್ತಾರೆ. ಏಳು ಬಗೆಯ ವೈನ್‌ಗಳನ್ನು ನುಂಗುತ್ತ ಹೋದರೆ ನಾಲ್ಕನೆಯದರ ಹೊತ್ತಿಗೆ ಮೂಗು ಮಂಕಾಗುತ್ತದೆ, ಐದನೆಯದರ ಹೊತ್ತಿಗೆ ಎಲ್ಲವೂ ಚೆನ್ನಾಗಿದೆ ಎನಿಸತೊಡಗುತ್ತದೆ. ಫ್ರಾನ್ಸಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯು ವಾರಕ್ಕೆ ಹತ್ತು ಲೋಟ, ದಿನಕ್ಕೆ ಎರಡು ಲೋಟ ಮೀರಬಾರದು ಮತ್ತು ವಾರದಲ್ಲಿ ಕೆಲವು ದಿನ ಕುಡಿಯಲೇಬಾರದು ಎಂದು ಸಲಹೆ ನೀಡುತ್ತದೆ. ಕೂಟದ ಉದ್ದೇಶ ಕುಡಿತವಲ್ಲ, ಗಮನವಿಟ್ಟು ಮೂಸುವುದು ಎಂಬುದನ್ನು ಆ ಪಾತ್ರೆ ಪ್ರತಿ ಬಾರಿಯೂ ನೆನಪಿಸುತ್ತಿತ್ತು.

ಸೀಮೆವಾರು ಎಂಬ ಮಾತಿಗೆ ಫ್ರಾನ್ಸಿನಲ್ಲಿ ಕಾನೂನಿನ ಬಲವಿದೆ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಸಣ್ಣ ಕೀಟವು ಬೇರುಗಳನ್ನು ಹೀರಿ ಇಲ್ಲಿನ ದ್ರಾಕ್ಷಿತೋಟಗಳನ್ನು ನಾಶಮಾಡಿತು. ಅಮೆರಿಕದ ಬಳ್ಳಿಗಳ ಬೇರಿಗೆ ಯುರೋಪಿನ ಬಳ್ಳಿಗಳನ್ನು ಕಸಿಕಟ್ಟುವ ಉಪಾಯ ಫಲಿಸುವವರೆಗೆ ವೈನಿಗೆ ಬರ ಬಂತು. ಬರದ ಜೊತೆಗೆ ಮೋಸವೂ ಬಂತು. ಸಕ್ಕರೆ ನೀರು, ಒಣದ್ರಾಕ್ಷಿ, ಬೇರೆ ಕಡೆಯ ಅಗ್ಗದ ವೈನು ಇವೆಲ್ಲ ಹೆಸರಾಂತ ಊರುಗಳ ಹೆಸರಿನಲ್ಲಿ ಮಾರಾಟವಾದವು. 1907ರಲ್ಲಿ ಲಾಂಗ್ಡಾಕ್ ಸೀಮೆಯ ಬೆಳೆಗಾರರು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಬೀದಿಗಿಳಿದರು, 1911ರಲ್ಲಿ ಶಾಂಪೇನ್ ಸೀಮೆಯಲ್ಲಿ ದಂಗೆಗಳಾದವು. ಇವೆಲ್ಲದರ ಫಲವಾಗಿ 1935ರಲ್ಲಿ ಬಂದ ಕಾನೂನು, ಇಂಥ ಊರಿನ ಹೆಸರು ಬಾಟಲಿಯ ಮೇಲೆ ಬರಬೇಕಾದರೆ ದ್ರಾಕ್ಷಿ ಇಂಥ ಎಲ್ಲೆಯೊಳಗೇ ಬೆಳೆದಿರಬೇಕು, ಇಂಥ ತಳಿಯದೇ ಆಗಿರಬೇಕು, ಎಕರೆಗೆ ಇಷ್ಟೇ ಇಳುವರಿ ತೆಗೆದಿರಬೇಕು ಎಂದು ಗೊತ್ತುಪಡಿಸುವ ಪದ್ಧತಿಗೆ ಅಡಿಪಾಯ ಹಾಕಿತು. 1936ರಲ್ಲಿ ಈ ಮನ್ನಣೆ ಪಡೆದ ಮೊದಲ ಹೆಸರುಗಳಲ್ಲಿ ಜ್ಯೂರಾದ ಆರ್ಬ್ವಾ ಒಂದು. ಹೀಗಾಗಿ ಫ್ರಾನ್ಸಿನ ಬಹುತೇಕ ಬಾಟಲಿಗಳ ಮೇಲೆ ದ್ರಾಕ್ಷಿಯ ಹೆಸರಿಗಿಂತ ಊರಿನ ಹೆಸರೇ ದೊಡ್ಡದಾಗಿರುತ್ತದೆ. ಊರನ್ನು ಅರಿಯದವರಿಗೆ ಬಾಟಲಿ ಏನನ್ನೂ ಹೇಳುವುದಿಲ್ಲ. ರುಚಿಕೂಟಗಳ ಅಗತ್ಯ ಹುಟ್ಟುವುದು ಇಲ್ಲಿಂದ.

ಮೊದಲನೆಯದು ಲ್ವಾರ್ ನದಿ ಸಮುದ್ರ ಸೇರುವ ನಾಂಟ್ ಸೀಮೆಯ ಮಸ್ಕಡೆ. ತಿಳಿ, ಹುಳಿ, ಕೊನೆಗೆ ಉಪ್ಪಿನ ಸುಳಿವು. ನಾಲಿಗೆ ತೊಳೆಯಲು ಒಳ್ಳೆಯ ಆರಂಭ. ಎರಡನೆಯದು ಬರ್ಗಂಡಿಯ ಉತ್ತರ ತುದಿಯ ಶಾಬ್ಲಿ. ಅಲ್ಲಿನ ಸುಣ್ಣಕಲ್ಲಿನ ನೆಲದಲ್ಲಿ ಸುಮಾರು 15 ಕೋಟಿ ವರ್ಷಗಳ ಹಿಂದಿನ ಸಮುದ್ರದ ಸಣ್ಣ ಸಿಂಪಿಗಳ ಪಳೆಯುಳಿಕೆಗಳು ಕೈಗೆ ಸಿಗುತ್ತವೆ. ವೈನಿನಲ್ಲಿ ಕಲ್ಲಿನ ರುಚಿಯಿದೆ ಎಂದು ಹೇಳುವುದು ವಾಡಿಕೆ. ಬಂಡೆಯ ಖನಿಜಗಳು ಬೇರಿನ ಮೂಲಕ ಬಂದು ಹಾಗೆಯೇ ನಾಲಿಗೆಗೆ ತಾಕುವುದಿಲ್ಲ ಎಂದು ಭೂವಿಜ್ಞಾನಿಗಳು ವಿವರಿಸಿದ್ದಾರೆ; ನೀರು ಬಸಿಯುವ ರೀತಿ, ಮಣ್ಣಿನ ಬಿಸಿ, ಬಳ್ಳಿಗಾಗುವ ಕೊರತೆ ಇವುಗಳ ಮೂಲಕ ನೆಲವು ತನ್ನ ಗುರುತು ಮೂಡಿಸುತ್ತದೆ. ನಮ್ಮ ಮಾರ್ಗದರ್ಶಕಿ ಇದನ್ನು ಬಿಡಿಸಿ ಹೇಳಿದ್ದು ನನಗೆ ಮೆಚ್ಚಿಕೆಯಾಯಿತು, ಏಕೆಂದರೆ ಸಿಂಪಿಯ ಕಥೆಯನ್ನು ಹೇಳಿ ಮುಗಿಸಿಬಿಡುವುದು ಅವರಿಗೆ ಸುಲಭವಿತ್ತು.

ಮೂರನೆಯ ಗ್ಲಾಸು ಮೂಗಿನ ಬಳಿ ಬಂದಾಗ ಬರೆಯಲು ಯೋಚಿಸಬೇಕಾಗಲಿಲ್ಲ. ಮಲೆನಾಡಿನ ಹಿತ್ತಿಲುಗಳಲ್ಲಿ ಬಿಡುವ ಪನ್ನೇರಳೆ ಹಣ್ಣನ್ನು ಕಚ್ಚಿದವರಿಗೆ ಆ ಗುಲಾಬಿಯ ಕಂಪು ಗೊತ್ತು; ತಿರುಳಿನಲ್ಲಿ ಸಿಹಿ ಹೆಚ್ಚಿಲ್ಲ, ಆದರೆ ಬಾಯಿತುಂಬ ಪನ್ನೀರು. ಅದೇ ಇಲ್ಲಿತ್ತು. ಉಳಿದವರು ಗುಲಾಬಿ, ಲಿಚಿ, ಶುಂಠಿ ಎಂದರು. ಪನ್ನೇರಳೆಯ ಹೆಸರು ಕೇಳಿ ಮಾರ್ಗದರ್ಶಕಿ ಕೈಯಲ್ಲಿದ್ದ ಸೀಮೆಸುಣ್ಣವನ್ನು ಇಳಿಸಿ, ಆ ಹಣ್ಣು ಹೇಗಿರುತ್ತದೆ, ಒಳಗೆ ಟೊಳ್ಳೇ ಗಟ್ಟಿಯೇ, ಯಾವ ತಿಂಗಳಲ್ಲಿ ಬಿಡುತ್ತದೆ ಎಂದು ಕೇಳಿ, ಆಮೇಲೆ ನಾನು ಹೇಳಿದಂತೆಯೇ ಹಲಗೆಯ ಮೇಲೆ ಬರೆದರು. ಚೀಲ ತೆಗೆದಾಗ ಹೊರಬಂದದ್ದು ಅಲ್ಸಾಸ್ ಸೀಮೆಯ ಗೆವೂರ್ತ್ಸ್‌ಟ್ರಾಮಿನರ್. ಗುಲಾಬಿಯಲ್ಲಿಯೂ ಲಿಚಿಯಲ್ಲಿಯೂ ಇರುವ ರೋಸ್ ಆಕ್ಸೈಡ್ ಎಂಬ ಸುಗಂಧದ್ರವ್ಯವೇ ಈ ದ್ರಾಕ್ಷಿಯಲ್ಲಿಯೂ ಇದೆ. 1871ರಿಂದ 1918ರವರೆಗೆ ಜರ್ಮನಿಯ ಆಳ್ವಿಕೆಯಲ್ಲಿದ್ದು, ಎರಡನೆಯ ಮಹಾಯುದ್ಧದಲ್ಲಿ ಮತ್ತೊಮ್ಮೆ ಅದರ ಕೈಸೇರಿ ಬಿಡುಗಡೆಯಾದ ಸೀಮೆಯಿದು. ಉದ್ದನೆಯ ಸಪೂರ ಬಾಟಲಿಯೂ, ಲೇಬಲ್ಲಿನ ಮೇಲೆ ದ್ರಾಕ್ಷಿಯ ತಳಿಯ ಹೆಸರನ್ನೇ ಬರೆಯುವ ರೂಢಿಯೂ ರೈನ್ ನದಿಯ ಎರಡು ದಡಗಳಿಗೆ ಸಮಾನ. ವೋಜ್ ಬೆಟ್ಟಗಳು ಪಶ್ಚಿಮದ ಮಳೆಯನ್ನು ತಡೆಯುವುದರಿಂದ ಅಲ್ಲಿನ ಕೊಲ್ಮಾರ್ ಫ್ರಾನ್ಸಿನಲ್ಲಿ ಅತಿ ಕಡಿಮೆ ಮಳೆ ಬೀಳುವ ಊರುಗಳಲ್ಲಿ ಒಂದು ಎಂದಾಗ, ಪಶ್ಚಿಮಘಟ್ಟದ ಮಳೆನೆರಳಿನ ಊರುಗಳನ್ನು ಬಲ್ಲ ನನಗೆ ಅದರ ಭೂಗೋಳ ಕೂಡಲೇ ಅರ್ಥವಾಯಿತು.

ನಾಲ್ಕನೆಯದನ್ನು ಕಪ್ಪು ಗಾಜಿನ ಗ್ಲಾಸಿನಲ್ಲಿ, ಸ್ವಲ್ಪ ತಂಪಾಗಿ ಕೊಟ್ಟರು. ಬಣ್ಣ ಕಾಣದು. ಬಿಳಿಯೋ ಕೆಂಪೋ ಎಂಬುದಷ್ಟೇ ಪ್ರಶ್ನೆ. ಮೇಜಿನ ಸುತ್ತಲಿನ ಉತ್ತರಗಳು ಇಬ್ಭಾಗವಾದವು. ಆಗ ಅವರು 2001ರಲ್ಲಿ ಪ್ರಕಟವಾದ ಬೋರ್ಡೋದ ಒಂದು ಪ್ರಯೋಗದ ಬಗ್ಗೆ ಹೇಳಿದರು. ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಮೊದಲು ಒಂದು ಬಿಳಿ ಮತ್ತು ಒಂದು ಕೆಂಪು ವೈನ್ ಕೊಟ್ಟು ಘಮವನ್ನು ವಿವರಿಸಲು ಹೇಳಲಾಯಿತು. ಇನ್ನೊಂದು ದಿನ ಅದೇ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ, ಅದನ್ನು ಅವರು ಕೆಂಪು ವೈನಿಗೆ ಸಲ್ಲುವ ಮಾತುಗಳಿಂದಲೇ ವಿವರಿಸಿದರು. ಇದನ್ನು ಹಿಡಿದುಕೊಂಡು ವೈನಿನ ಬಗೆಗಿನ ಮಾತೆಲ್ಲ ಪೊಳ್ಳು ಎನ್ನುವವರಿದ್ದಾರೆ. ನನ್ನ ಅಭಿಪ್ರಾಯ ಹಾಗಲ್ಲ. ಕಣ್ಣು ಕಂಡದ್ದನ್ನು ಮೂಗು ನಂಬಿಬಿಡುತ್ತದೆ, ಹಾಗೆಯೇ ಬಲ್ಲವರು ಹೇಳಿದ್ದನ್ನೂ ನಂಬಿಬಿಡುತ್ತದೆ. ಹಾಗಿದ್ದ ಮೇಲೆ ಕೂಟ ನಡೆಸುವವರು ತಮ್ಮ ಮಾತನ್ನು ಕೊನೆಯವರೆಗೆ ತಡೆಹಿಡಿಯುವುದು ಕಲಿಸುವವರ ಕರ್ತವ್ಯವೇ ಹೊರತು ಆಟದ ನಿಯಮವಲ್ಲ.

ಕಪ್ಪು ಗ್ಲಾಸಿನಲ್ಲಿದ್ದದ್ದು ಬೋಜೋಲೆಯ ಮೊರ್ಗೋನ್ ಎಂಬ ಊರಿನ ಕೆಂಪು ವೈನು, ಗಾಮೇ ತಳಿಯದು. ಈ ತಳಿಯ ಇತಿಹಾಸ ಕುತೂಹಲಕರವಾದುದು. 1395ರಲ್ಲಿ ಬರ್ಗಂಡಿಯ ದೊರೆ ಫಿಲಿಪ್, ಗಾಮೇ ನೀಚವಾದ, ನಂಬಿಕೆಗೆ ಅರ್ಹವಲ್ಲದ ಬಳ್ಳಿ ಎಂದು ಸಾರಿ, ತನ್ನ ಸೀಮೆಯಿಂದ ಅದನ್ನು ಕಿತ್ತುಹಾಕಬೇಕೆಂದು ಆಜ್ಞೆ ಹೊರಡಿಸಿದ. ಹೇರಳವಾಗಿ ಫಲ ಕೊಡುತ್ತಿದ್ದ ಗಾಮೇ ರೈತರಿಗೆ ಪ್ರಿಯವಾಗಿತ್ತು. ಕಡಿಮೆ ಫಲ ಕೊಡುವ, ನಾಜೂಕಾದ ಪಿನೋ ನ್ವಾರ್ ದೊರೆಯ ಪ್ರತಿಷ್ಠೆಗೆ ಬೇಕಾಗಿತ್ತು. ಬರ್ಗಂಡಿಯ ಸುಣ್ಣಕಲ್ಲಿನಲ್ಲಿ ಮನ್ನಣೆ ಸಿಗದ ಗಾಮೇ, ದಕ್ಷಿಣಕ್ಕೆ ಬಂದು ಬೋಜೋಲೆಯ ಗ್ರಾನೈಟ್ ನೆಲದಲ್ಲಿ ತನ್ನ ನಿಜವಾದ ಊರನ್ನು ಕಂಡುಕೊಂಡಿತು. ನವೆಂಬರಿನ ಮೂರನೆಯ ಗುರುವಾರ ಜಗತ್ತಿನೆಲ್ಲೆಡೆ ಬಿಡುಗಡೆಯಾಗುವ ಎಳೆಯ ಬೋಜೋಲೆಯನ್ನು ಮಾತ್ರ ಕುಡಿದು ಈ ಸೀಮೆಯನ್ನು ಹಗುರವಾಗಿ ಕಾಣುವವರು ಮೊರ್ಗೋನ್, ಫ್ಲೂರಿ, ಮೂಲಾಂ-ಆ-ವಾನ್ ಊರುಗಳ ನಾಲ್ಕೈದು ವರ್ಷ ಮಾಗಿದ ವೈನನ್ನು ಒಮ್ಮೆ ಮೂಸಿ ನೋಡಬೇಕು ಎಂದು ನಾನು ಒತ್ತಾಯಿಸುತ್ತೇನೆ. ಡಿಜೋನ್‌ನ ಶಿಕ್ಷಕಿ, ತಮ್ಮ ಊರಿನ ದೊರೆ ಮಾಡಿದ ತೀರ್ಪನ್ನು ಆರು ಶತಮಾನಗಳ ನಂತರವೂ ಸಮರ್ಥಿಸಿಕೊಂಡರು.

ಐದನೆಯದಾದ ಮೆಡೋಕ್, ಅಂದರೆ ಬೋರ್ಡೋದ ಎಡದಂಡೆಯ ಕೆಂಪು ವೈನು, ಬಾಯಿಯನ್ನು ಎಳೆಯ ಅಡಿಕೆಯಷ್ಟೇ ಒಗರುಗಟ್ಟಿಸಿತು. ಅದರಲ್ಲಿ ದೊಣ್ಣೆಮೆಣಸಿನಕಾಯಿಯ ಹಸಿರು ವಾಸನೆ ಸಣ್ಣಗೆ ಇತ್ತು. ಕಬರ್ನೆ ಸೋವಿನ್ಯೋನ್ ದ್ರಾಕ್ಷಿಯಲ್ಲಿಯೂ ದೊಣ್ಣೆಮೆಣಸಿನಕಾಯಿಯಲ್ಲಿಯೂ ಇರುವುದು ಪೈರಝೀನ್ ಎಂಬ ಒಂದೇ ಜಾತಿಯ ವಾಸನೆಯ ದ್ರವ್ಯ. ಕಾಯಿ ಹೆಚ್ಚು ಮಾಗಿದಷ್ಟೂ ಅದು ಕಡಿಮೆಯಾಗುತ್ತದೆ. ಇದರ ಬಗ್ಗೆ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಆರನೆಯ ಗ್ಲಾಸು ರೋನ್ ನದಿಯ ಬಲದಂಡೆಯ ಸೇಂ-ಜೋಸೆಫ್, ಸಿರಾ ತಳಿಯದು. ಮೂಸಿದ ಕೂಡಲೇ ಆಗ ತಾನೇ ಕುಟ್ಟಿದ ಕರಿಮೆಣಸು. ಅಡಿಕೆ ಮರಕ್ಕೆ ಹಬ್ಬಿಸಿದ ಬಳ್ಳಿಯಿಂದ ಬಿಡಿಸಿ, ಚಾಪೆಯ ಮೇಲೆ ಒಣಗಿಸಿ, ಕಲ್ಲಿನಲ್ಲಿ ಕುಟ್ಟುವ ಕರಿಮೆಣಸಿನ ವಾಸನೆಯನ್ನು ಬಾಲ್ಯದಿಂದ ಬಲ್ಲ ಮೂಗಿಗೆ ಇದು ಕಣ್ಣುಕುಕ್ಕುವಷ್ಟು ಸ್ಪಷ್ಟ. ಆದರೆ ನನ್ನ ಪಕ್ಕದಲ್ಲಿದ್ದವರು ಎಷ್ಟು ಮೂಸಿದರೂ ಅವರಿಗೆ ಮೆಣಸು ಸಿಗಲಿಲ್ಲ, ಅವರ ಮುಖದಲ್ಲಿ ಸಂಕೋಚ ಮೂಡಿತು. ಮಾರ್ಗದರ್ಶಕಿ ಅದನ್ನು ಗಮನಿಸಿ ಧೈರ್ಯ ಹೇಳಿದರು. ಕರಿಮೆಣಸಿಗೂ ಸಿರಾ ವೈನಿಗೂ ಆ ವಾಸನೆ ಕೊಡುವ ರೊಟಂಡೋನ್ ಎಂಬ ದ್ರವ್ಯವನ್ನು ಆಸ್ಟ್ರೇಲಿಯದ ಸಂಶೋಧಕರು ಗುರುತಿಸಿ 2008ರಲ್ಲಿ ಪ್ರಕಟಿಸಿದರು. ಒಂದು ಲೀಟರ್ ಕೆಂಪು ವೈನಿನಲ್ಲಿ 16 ನ್ಯಾನೋಗ್ರಾಂ, ಅಂದರೆ ಒಂದು ಗ್ರಾಮಿನ ನೂರು ಕೋಟಿ ಪಾಲುಗಳಲ್ಲಿ ಹದಿನಾರು ಪಾಲು ಇದ್ದರೂ ಅದು ಮೂಗಿಗೆ ತಾಕುತ್ತದೆ. ಆದರೆ ಪರೀಕ್ಷೆಗೆ ಒಳಗಾದವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಅದೆಷ್ಟೇ ಹೆಚ್ಚಿದ್ದರೂ ತಿಳಿಯಲಿಲ್ಲ. ಒಂದೇ ಬಾಟಲಿಯಿಂದ ಸುರಿದದ್ದೂ ಎಲ್ಲರಿಗೂ ಒಂದೇ ವೈನಲ್ಲ. ಒಬ್ಬರ ವರ್ಣನೆಯನ್ನು ಇನ್ನೊಬ್ಬರ ಮೇಲೆ ಹೇರುವುದು ಎಷ್ಟು ಅನ್ಯಾಯ ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇಕಿಲ್ಲ.

ಏಳನೆಯದು ಬಿಳಿ ವೈನು. ಕೆಂಪಿನ ನಂತರ ಬಿಳಿ ಏಕೆ ಎಂಬ ಅನುಮಾನ ಗ್ಲಾಸನ್ನು ಮೂಗಿನ ಬಳಿ ತಂದ ಕ್ಷಣವೇ ನಿವಾರಣೆಯಾಯಿತು. ಇದರ ನಂತರ ಬೇರೆ ಯಾವುದನ್ನೂ ಕೊಡಲು ಸಾಧ್ಯವಿರಲಿಲ್ಲ. ಬಣ್ಣ ಹಳೆಯ ಬಂಗಾರದ್ದು. ವಾಸನೆ ಮೆಂತ್ಯದ್ದು. ಸಾರಿನ ಪುಡಿಗೆಂದು ಬಾಣಲೆಯಲ್ಲಿ ಹುರಿಯುವಾಗ ಕಾಳು ಕೆಂಪಾಗುವ ಹೊತ್ತಿಗೆ ಏಳುವ ಘಮ, ಅದರ ಹಿಂದೆಯೇ ಹಳೆಯ ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದಾಗ ಬರುವ ಗಾಢವಾದ ಸಿಹಿವಾಸನೆ. ಬಾಯಿಗೆ ಬಿಟ್ಟುಕೊಂಡರೆ ಸಿಹಿಯ ಲವಲೇಶವೂ ಇಲ್ಲ, ಮೊನಚಾದ ಹುಳಿ, ಉಗುಳಿದ ಎಷ್ಟೋ ಹೊತ್ತಿನ ಮೇಲೂ ಅಂಗುಳಿನಲ್ಲಿ ಉಳಿಯುವ ಮೆಂತ್ಯ. ಕಾಗದದ ಮೇಲೆ ಹುರಿದ ಮೆಂತ್ಯ, ಬೆಲ್ಲ ಎಂದಷ್ಟೇ ಬರೆದೆ. ಜ್ಯೂರಾದ ಬಡಗಿ ಹಸಿ ಆಕ್ರೋಟು ಎಂದು ಓದಿದರು. ಕ್ವಿಬೆಕ್‌ನ ದಂಪತಿ ಇಬ್ಬರೂ ಮೇಪಲ್ ಪಾಕ, ಅಂದರೆ ಮೇಪಲ್ ಮರದ ರಸ ಕಾಯಿಸಿದ ಸಿಹಿಪಾಕ ಎಂದು ಬರೆದಿದ್ದರು. ಶಿಕ್ಷಕಿ ಇಂಗ್ಲಿಷರ ಕರಿಪುಡಿ, ಅಂದರೆ ಕರಿ ಪೌಡರ್ ಎಂಬ ಮಸಾಲೆಪುಡಿ ಎಂದರು. ಎಲ್ಲವನ್ನೂ ಒಂದರ ಕೆಳಗೊಂದು ಬರೆದು ಮುಗಿಸಿದ ಮಾರ್ಗದರ್ಶಕಿ, ಮೆಂತ್ಯ, ಬೆಲ್ಲ, ಮೇಪಲ್, ಕರಿಪುಡಿ ಈ ನಾಲ್ಕನ್ನೂ ಒಂದೇ ಗೆರೆಯಿಂದ ಸುತ್ತುಗಟ್ಟಿ, ಇವೆಲ್ಲ ಒಂದೇ ಉತ್ತರ ಎಂದರು.

ಆ ದ್ರವ್ಯದ ಹೆಸರು ಸೊಟಲೋನ್. ಮೆಂತ್ಯದ ಕಾಳಿಗೆ ಅದರ ವಿಶಿಷ್ಟ ವಾಸನೆ ಬರುವುದು ಇದರಿಂದಲೇ. ಕರಿಪುಡಿಯಲ್ಲಿ ಮೆಂತ್ಯ ಇರುವುದರಿಂದ ಅಲ್ಲಿಯೂ ಇದೆ. ಶುದ್ಧೀಕರಿಸದ ಕಬ್ಬಿನ ಸಕ್ಕರೆಯಲ್ಲಿಯೂ ಇದನ್ನು ಗುರುತಿಸಿದ್ದಾರೆ. ಅಗ್ಗದ ಕೃತಕ ಮೇಪಲ್ ಪಾಕಕ್ಕೆ ಘಮ ಕೊಡಲು ಮೆಂತ್ಯದ ಸಾರವನ್ನೇ ಬಳಸುವುದುಂಟು. ಬಾಣಂತಿಗೆ ಮೆಂತ್ಯದ ಉಂಡೆ ಕೊಟ್ಟ ಮನೆಗಳಲ್ಲಿ ತಾಯಿಯ ಬೆವರಿಗೂ ಆ ವಾಸನೆ ಬರುವುದನ್ನು ನಮ್ಮ ಹೆಂಗಸರು ಬಲ್ಲರು. ಅದಕ್ಕೂ ಇದೇ ಕಾರಣ. ನನಗೆ ಅಲ್ಲಿ ಆದ ಸಂತೋಷ ದೊಡ್ಡದು. ಫ್ರೆಂಚ್ ವೈನಿನ ಬಗ್ಗೆ ಮಾತನಾಡಬೇಕಾದರೆ ಹುಲ್ಲುಗಾವಲಿನ ಹೂವುಗಳನ್ನೂ, ನಾವು ಕಾಣದ ಕಾಡುಹಣ್ಣುಗಳನ್ನೂ ಬಾಯಿಪಾಠ ಮಾಡಬೇಕು ಎಂಬ ಅಳುಕು ಹೊರಗಿನಿಂದ ಬಂದ ನಮ್ಮಂಥವರಲ್ಲಿ ಬಹುಕಾಲ ಇರುತ್ತದೆ. ಸಾರಿನ ಪುಡಿ ಹುರಿದ ಅಡುಗೆಮನೆಯಲ್ಲಿ ಪಳಗಿದ ಮೂಗು ಈ ಮೇಜಿಗೆ ಪೂರ್ತಿ ಅರ್ಹತೆಯೊಡನೆಯೇ ಬರುತ್ತದೆ. ಸೊಟಲೋನ್ ವಿಷಯದಲ್ಲಂತೂ, ಅದು ಉಳಿದ ಮೂಗುಗಳಿಗಿಂತ ಒಂದು ಹೆಜ್ಜೆ ಮುಂದಿರುತ್ತದೆ ಎಂದೇ ನಾನು ನಂಬುತ್ತೇನೆ.

ಚೀಲದಿಂದ ಹೊರಬಂದದ್ದು ಕುಳ್ಳಗಿನ, ಭುಜ ಅಗಲವಾದ ಕ್ಲಾವ್ಲಾಂ ಎಂಬ ಬಾಟಲಿ. ವೈನು ವಾಂ ಜೋನ್, ಹಳದಿ ವೈನು. ಜ್ಯೂರಾದಲ್ಲಿ ಸಾವಾನ್ಯಾಂ ಎಂಬ ತಳಿಯಿಂದ ಮಾತ್ರ ಇದನ್ನು ಮಾಡುತ್ತಾರೆ. ಬೇರೆಡೆ ಓಕ್ ಪೀಪಾಯಿಯಲ್ಲಿ ವೈನು ಆವಿಯಾಗಿ ಕಡಿಮೆಯಾದಂತೆಲ್ಲ ಮತ್ತೆ ತುಂಬಿಸಿ ಗಾಳಿಯನ್ನು ದೂರವಿಡುತ್ತಾರೆ. ಇಲ್ಲಿ ಬೇಕೆಂದೇ ತುಂಬಿಸುವುದಿಲ್ಲ. ಬರಿದಾದ ಜಾಗದಲ್ಲಿ ವೈನಿನ ಮೇಲೆ ಯೀಸ್ಟಿನ ತೆಳುವಾದ ಕೆನೆ ಕಟ್ಟಿಕೊಂಡು, ಗಾಳಿಯನ್ನು ಸ್ವಲ್ಪ ಸ್ವಲ್ಪವಾಗಿಯೇ ಒಳಗೆ ಬಿಡುತ್ತ, ವೈನು ವಿನೆಗರ್ ಆಗದಂತೆ ಕಾಯುತ್ತದೆ. ಕೊಯ್ಲಿನ ನಂತರದ ಆರನೆಯ ವರ್ಷದ ಡಿಸೆಂಬರ್‌ವರೆಗೆ ಅದು ಪೀಪಾಯಿಯಲ್ಲಿರಬೇಕೆಂಬುದು ನಿಯಮ. ಅಷ್ಟು ಕಾಲದಲ್ಲಿ ಒಂದು ಲೀಟರ್ ವೈನು ಸುಮಾರು 62 ಸೆಂಟಿಲೀಟರ್‌ಗೆ ಇಳಿಯುತ್ತದೆಂದು ಲೆಕ್ಕ ಹಾಕಿ, ಬಾಟಲಿಯ ಅಳತೆಯನ್ನೂ 62 ಸೆಂಟಿಲೀಟರ್‌ಗೇ ನಿಲ್ಲಿಸಿದ್ದಾರೆ. ಲೂಯಿ ಪಾಸ್ಟರ್ ಬೆಳೆದದ್ದು ಇದೇ ಸೀಮೆಯ ಆರ್ಬ್ವಾದಲ್ಲಿ. 1863ರಲ್ಲಿ ಚಕ್ರವರ್ತಿ ಮೂರನೆಯ ನೆಪೋಲಿಯನ್ ವೈನಿಗೆ ತಗಲುವ ರೋಗಗಳನ್ನು ಪರೀಕ್ಷಿಸಲು ಕೇಳಿಕೊಂಡಾಗ ಪಾಸ್ಟರ್ ಕೆಲಸ ಮಾಡಿದ್ದೂ ಅಲ್ಲಿಯೇ. ಸರಿಯಾಗಿ ಮಾಡಿದ ಹಳದಿ ವೈನಿನ ಆಯಸ್ಸು ಎಷ್ಟೆಂದರೆ, 1774ರ ಒಂದು ಬಾಟಲಿ 2018ರ ಹರಾಜಿನಲ್ಲಿ ಒಂದು ಲಕ್ಷ ಯೂರೋಗಿಂತ ಹೆಚ್ಚಿನ ಬೆಲೆಗೆ ಹೋಯಿತು.

ಇದರೊಡನೆ ಅದೇ ಬೆಟ್ಟಗಳ ಕೋಂತೇ ಎಂಬ ಗಟ್ಟಿ ಚೀಸನ್ನು ಕೊಟ್ಟರು. ಚೀಸಿನ ಉಪ್ಪು ಮತ್ತು ಕೊಬ್ಬು ಹುಳಿಯ ಮೊನೆಯನ್ನು ಮೆತ್ತಗೆ ಮಾಡಿದ್ದರಿಂದ, ಮೊದಲು ಮುಖ ಕಿವುಚಿದ್ದವರೂ ಎರಡನೆಯ ಗುಟುಕು ಕೇಳಿದರು. ಮೆಂತ್ಯದ ಕಾಳನ್ನು ಹುರಿದು ಒಂದು ಸಣ್ಣ ಶೀಶೆಯಲ್ಲಿ ತಂದುಕೊಡಲು ಸಾಧ್ಯವೇ ಎಂದು ಮಾರ್ಗದರ್ಶಕಿ ನನ್ನನ್ನು ಕೇಳಿದರು. ಮುಂದಿನ ಗುಂಪುಗಳಿಗೆ ವೈನು ಕೊಡುವ ಮೊದಲು ಮೂಸಿಸಬೇಕೆಂಬುದು ಅವರ ಆಲೋಚನೆ. ಮೊದಲಲ್ಲ, ಹಲಗೆಯ ಮೇಲೆ ಬರೆದಾದ ನಂತರ ಮೂಸಿಸಿ ಎಂದು ನಾನು ಕೋರಿದೆ, ಅವರು ಒಪ್ಪಿದರು.

ನಿಮ್ಮ ಕಡೆ ದ್ರಾಕ್ಷಿ ಬೆಳೆಯುತ್ತಾರೆಯೇ ಎಂಬ ಪ್ರಶ್ನೆ ಬಂದಾಗ, ನಂದಿಬೆಟ್ಟದ ತಪ್ಪಲಿನ ಬಗ್ಗೆ ಹೇಳಿದೆ. ಚಳಿಗಾಲದ ನಿದ್ದೆಯಿಲ್ಲದ ನಮ್ಮ ಹವೆಯಲ್ಲಿ ಬಳ್ಳಿಯನ್ನು ವರ್ಷಕ್ಕೆ ಎರಡು ಬಾರಿ ಸವರಬೇಕಾಗುತ್ತದೆ ಎಂಬುದು ಅವರಿಗೆಲ್ಲ ಹೊಸ ಸಂಗತಿ. 2013ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಬೆಂಗಳೂರು ನೀಲಿ ದ್ರಾಕ್ಷಿಯ ವಿಷಯ ಕೇಳಿ ಬಡಗಿ ಹತ್ತಿರಕ್ಕೆ ಸರಿದು ಕುಳಿತರು. ಅಮೆರಿಕದ ಲಾಬ್ರುಸ್ಕಾ ವಂಶದ ಆ ಬಗೆಯ ದ್ರಾಕ್ಷಿಗಳಲ್ಲಿ ಕೆಲವನ್ನು ಫ್ರಾನ್ಸ್ 1930ರ ದಶಕದಲ್ಲಿ ವೈನಿಗೆ ನಿಷೇಧಿಸಿತು. ಬಡಗಿಯ ಅಜ್ಜನ ಹಿತ್ತಿಲಲ್ಲಿ ಅಂಥ ಒಂದು ಬಳ್ಳಿ ಉಳಿದಿತ್ತಂತೆ. ಬೆಂಗಳೂರಿನ ಮಾರುಕಟ್ಟೆಯಲ್ಲಿ ಕಿಲೋ ಲೆಕ್ಕದಲ್ಲಿ ಕೊಂಡು ತಿನ್ನುವ ಹಣ್ಣಿನ ಕಸ್ತೂರಿಯಂಥ ಗಾಢ ವಾಸನೆಯನ್ನು ನಾನು ವರ್ಣಿಸತೊಡಗಿದಾಗ, ಆ ವಾಸನೆ ತನಗೆ ಗೊತ್ತು ಎಂದು ಅವರೇ ಮಾತನ್ನು ಮುಗಿಸಿದರು.

ಕೂಟದಲ್ಲಿ ನನಗೆ ಒಪ್ಪಿಗೆಯಾಗದ ಸಂಗತಿಗಳೂ ಇದ್ದವು. ಮೆಡೋಕ್‌ಗೆ ಸಿಕ್ಕ ಸಮಯ ತೀರ ಕಡಿಮೆ. ಅಷ್ಟು ಒಗರಿನ ವೈನನ್ನು ಮಾಂಸದ ತುಣುಕೋ ಚೀಸೋ ಇಲ್ಲದೆ ಕೊಟ್ಟದ್ದರಿಂದ ಅದರ ಗುಣ ಮರೆಯಾಯಿತು. ಶಾಂಪೇನನ್ನು ಪೂರ್ತಿ ಬಿಟ್ಟದ್ದಕ್ಕೆ ಅವರು ಕೊಟ್ಟ ಕಾರಣ, ಗುಳ್ಳೆಗಳನ್ನು ಕಂಡ ಕೂಡಲೇ ಬಟ್ಟೆಯ ಚೀಲ ವ್ಯರ್ಥವಾಗುತ್ತದೆ ಎಂಬುದು. ಅದು ನನಗೆ ಸರಿ ಎನಿಸಿತು. ದಕ್ಷಿಣದ ಸೀಮೆಗಳಿಗೆ, ಅಂದರೆ ಲಾಂಗ್ಡಾಕ್, ಪ್ರೊವಾನ್ಸ್ ಮತ್ತು ಕಾರ್ಸಿಕಾ ದ್ವೀಪಕ್ಕೆ, ಬೇರೆಯೇ ಒಂದು ಸಂಜೆಯನ್ನು ಮೀಸಲಿಟ್ಟಿದ್ದಾರೆ. ಅದಕ್ಕೆ ಹೆಸರು ಬರೆಸಿದ್ದೇನೆ. ಲಿಯಾನ್ ಅಥವಾ ಬೇರೆ ಊರಿನಲ್ಲಿ ಇಂಥ ಕೂಟಕ್ಕೆ ಹೋಗಲಿರುವ ಕನ್ನಡಿಗರು ಹಣ ಕಟ್ಟುವ ಮೊದಲು, ಬಾಟಲಿಗಳನ್ನು ಮುಚ್ಚಿ ಕೊಡುತ್ತೀರಾ, ಉಗುಳುವ ಪಾತ್ರೆ ಇರುತ್ತದೆಯೇ, ಒಂದು ಮೇಜಿಗೆ ಎಷ್ಟು ಜನ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಅಂದು ಸೆಂಟು ಹಚ್ಚಿಕೊಳ್ಳದೆ, ಹಿಂದಿನ ಒಂದು ಗಂಟೆ ಕಾಫಿ ಕುಡಿಯದೆ ಹೋಗಬೇಕು.